ಪ್ರಿಂಟ್ ಬರುತ್ತದೆ, ಸ್ಕ್ಯಾನ್ ಬರುತ್ತಿಲ್ಲ: ಲಿನಕ್ಸ್‌ನಲ್ಲಿ ಆಲ್-ಇನ್-ಒನ್ ಪ್ರಿಂಟರ್‌ನ ಸ್ಕ್ಯಾನರ್ ಸರಿಪಡಿಸುವ ಬಗೆ

ಅಡ್ಮಿಶನ್ ಕಾಲ ಬಂದರೆ ಕಲಬುರಗಿಯ ಆನ್‌ಲೈನ್ ಅಂಗಡಿಗಳಲ್ಲಿ ಸ್ಕ್ಯಾನರ್‌ಗೆ ಬಿಡುವೇ ಇರುವುದಿಲ್ಲ. 371(ಜೆ) ಪ್ರಮಾಣಪತ್ರ, ಜಾತಿ-ಆದಾಯ, ಮಾರ್ಕ್ಸ್ ಕಾರ್ಡ್, ಟಿಸಿ, ಎಲ್ಲವನ್ನೂ ಅಪ್‌ಲೋಡ್ ಮಾಡಬೇಕು. ಬೀದರ್, ಯಾದಗಿರಿಯಲ್ಲೂ ಇದೇ ಕಥೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಹಳೆಯ ಕಂಪ್ಯೂಟರ್ ಎಸೆಯಲು ಮನಸ್ಸಿಲ್ಲದವರು ವಿಂಡೋಸ್ ಬದಲು ಉಬುಂಟು ಅಥವಾ ಲಿನಕ್ಸ್ ಮಿಂಟ್‌ನಂಥ ಲಿನಕ್ಸ್ ವ್ಯವಸ್ಥೆ ಹಾಕಿಸಿಕೊಳ್ಳುತ್ತಿದ್ದಾರೆ. ಒಳ್ಳೆಯ ನಿರ್ಧಾರವೇ. ಆದರೆ ಮೊದಲ ದಿನ ಒಂದು ತೊಡಕು ಬರುತ್ತದೆ. ಪ್ರಿಂಟ್ ಚೆನ್ನಾಗಿ ಬರುತ್ತದೆ. ಸ್ಕ್ಯಾನ್ ಒತ್ತಿದರೆ ಮಾತ್ರ ‘ಸ್ಕ್ಯಾನರ್ ಸಿಗಲಿಲ್ಲ’ ಅನ್ನುತ್ತದೆ.

ಆಗ ಹೆಚ್ಚಿನವರು ಮಾಡುವ ಕೆಲಸ, ಸಿಕ್ಕ ಡ್ರೈವರ್‌ಗಳನ್ನೆಲ್ಲ ಒಂದರ ಮೇಲೊಂದು ಹಾಕುವುದು. ದಯವಿಟ್ಟು ಹಾಗೆ ಮಾಡಬೇಡಿ. ಕಂಪ್ಯೂಟರ್‌ನಿಂದ ಸ್ಕ್ಯಾನರ್ ತನಕ ಇರುವ ದಾರಿಯಲ್ಲಿ ನಾಲ್ಕೈದು ಹಂತಗಳಿವೆ. ಯಾವ ಹಂತದಲ್ಲಿ ಕಡಿದಿದೆ ಅಂತ ಮೊದಲು ತಿಳಿದುಕೊಂಡರೆ, ಸರಿಪಡಿಸುವ ಕೆಲಸ ಬಹಳ ಸಲ ಒಂದೇ ಸಾಲಿನದು.

ಟೈಪ್ ಮಾಡುವ ಬಗ್ಗೆ ಒಂದು ಮಾತು. ಇಲ್ಲಿ ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಬರೆಯುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಅಂತ ಹೇಳದೇ ಇದ್ದರೆ ಎಲ್ಲವೂ ಸಣ್ಣಕ್ಷರ. ಅಡ್ಡಗೆರೆ, ಚುಕ್ಕಿ, ಜಾಗ ಹೇಗೆ ಕಾಣುತ್ತವೋ ಹಾಗೇ ಇರಲಿ. ಪ್ಯಾಕೇಜ್ ಹೆಸರುಗಳು ಉಬುಂಟು, ಡೆಬಿಯನ್, ಮಿಂಟ್‌ಗೆ ಹೊಂದುವಂಥವು.

ಪ್ರಿಂಟ್ ದಾರಿ ಬೇರೆ, ಸ್ಕ್ಯಾನ್ ದಾರಿ ಬೇರೆ

ಆಲ್-ಇನ್-ಒನ್ ಹೊರಗಿನಿಂದ ಒಂದೇ ಪೆಟ್ಟಿಗೆ. ಲಿನಕ್ಸ್‌ಗೆ ಮಾತ್ರ ಅದು ಎರಡು ಯಂತ್ರ. ಪ್ರಿಂಟ್ ಕೆಲಸವನ್ನು ಕಪ್ಸ್ ಎಂಬ ವ್ಯವಸ್ಥೆ ನೋಡಿಕೊಳ್ಳುತ್ತದೆ. ಸ್ಕ್ಯಾನ್ ಕೆಲಸ ಸೇನ್ ಎಂಬ ಬೇರೆಯೇ ವ್ಯವಸ್ಥೆಯದು. ‘ಸ್ಕ್ಯಾನರ್ ಆಕ್ಸೆಸ್ ನೌ ಈಸಿ’ ಎಂಬುದರ ಮೊದಲಕ್ಷರಗಳೇ ಈ ಸೇನ್. ಹೀಗಾಗಿ ಪ್ರಿಂಟ್ ಬಂತು ಅಂದರೆ ಕೇಬಲ್ ಮತ್ತು ಪವರ್ ಸರಿಯಾಗಿವೆ ಅಂತ ಗೊತ್ತಾಗುತ್ತದೆ, ಅಷ್ಟೇ. ಸ್ಕ್ಯಾನರ್ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ.

ಸೇನ್‌ನಲ್ಲಿ ಎರಡು ಭಾಗ. ಯಂತ್ರದ ಜೊತೆ ಮಾತಾಡುವ ಭಾಗಕ್ಕೆ ಬ್ಯಾಕೆಂಡ್ ಅಂತಾರೆ. ಕ್ಯಾನನ್‌ಗೆ ಪಿಕ್ಸ್ಮಾ, ಎಚ್‌ಪಿಗೆ ಎಚ್‌ಪಿಎಐಒ, ಎಪ್ಸನ್‌ಗೆ ಎಪ್ಸನ್2 ಮತ್ತು ಎಪ್ಸನ್‌ಡಿಎಸ್, ಹೀಗೆ ಒಂದೊಂದು ಕಂಪನಿಗೆ ಒಂದೊಂದು. ನೀವು ಕಣ್ಣಲ್ಲಿ ನೋಡುವುದು ಫ್ರಂಟೆಂಡ್: ಸಿಂಪಲ್ ಸ್ಕ್ಯಾನ್, ಎಕ್ಸ್‌ಸೇನ್, ಸ್ಕ್ಯಾನ್‌ಲೈಟ್ ಮುಂತಾದವು. ಬ್ಯಾಕೆಂಡ್ ಕೆಟ್ಟಿದ್ದರೆ ಫ್ರಂಟೆಂಡ್ ಎಷ್ಟು ಬದಲಿಸಿದರೂ ಫಲವಿಲ್ಲ.

ಹೊಸ ಯಂತ್ರಗಳಿಗೆ ಇನ್ನೊಂದು ದಾರಿ ಇದೆ, ಡ್ರೈವರ್ ಬೇಡದ ಸ್ಕ್ಯಾನಿಂಗ್. ಯಂತ್ರವೇ ಇಎಸ್‌ಸಿಎಲ್ ಅಥವಾ ಡಬ್ಲ್ಯುಎಸ್‌ಡಿ ಎಂಬ ಸಾಮಾನ್ಯ ಭಾಷೆ ಮಾತಾಡುತ್ತದೆ. ಅದನ್ನು ಸೇನ್-ಏರ್‌ಸ್ಕ್ಯಾನ್ ಎಂಬ ಒಂದೇ ಬ್ಯಾಕೆಂಡ್ ಅರ್ಥ ಮಾಡಿಕೊಳ್ಳುತ್ತದೆ. 2021ರಲ್ಲಿ ಬಂದ ಡೆಬಿಯನ್ 11ರಿಂದ ಈ ಸೌಲಭ್ಯ ಸಿದ್ಧವಾಗಿಯೇ ಬರುತ್ತಿದೆ. ಪ್ರಿಂಟರ್ ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಗುರುತಿದ್ದರೆ ಬಹುತೇಕ ಇದು ಕೆಲಸ ಮಾಡುತ್ತದೆ. ಕಂಪನಿಯ ಡ್ರೈವರ್ ಹುಡುಕುವ ಮೊದಲು ಈ ದಾರಿಯನ್ನೇ ನೋಡಿ ಅಂತ ನನ್ನ ಸಲಹೆ.

ಮೊದಲ ಹಂತ: ಕಂಪ್ಯೂಟರ್‌ಗೆ ಯಂತ್ರ ಕಾಣುತ್ತಿದೆಯಾ?

ಯುಎಸ್‌ಬಿ ಕೇಬಲ್ ಹಾಕಿ, ಪ್ರಿಂಟರ್ ಆನ್ ಮಾಡಿ, ಟರ್ಮಿನಲ್ ತೆರೆದು ಹೀಗೆ ಬರೆಯಿರಿ:

ಎಲ್‌ಎಸ್‌ಯುಎಸ್‌ಬಿ

ಬರುವ ಪಟ್ಟಿಯಲ್ಲಿ ನಿಮ್ಮ ಪ್ರಿಂಟರ್ ಹೆಸರು ಇರಬೇಕು. ಹೆಸರು ಸ್ಪಷ್ಟ ಇಲ್ಲದಿದ್ದರೆ ಕಂಪನಿಯ ಸಂಖ್ಯೆ ನೋಡಿ. ಎಚ್‌ಪಿಗೆ 03ಎಫ್0, ಕ್ಯಾನನ್‌ಗೆ 04ಎ9, ಎಪ್ಸನ್‌ಗೆ 04ಬಿ8, ಬ್ರದರ್‌ಗೆ 04ಎಫ್9, ಸ್ಯಾಮ್‌ಸಂಗ್‌ಗೆ 04ಇ8.

ಇಲ್ಲಿ ಕಾಣದಿದ್ದರೆ ಮುಂದಿನ ಯಾವ ಹಂತಕ್ಕೂ ಅರ್ಥವಿಲ್ಲ. ಕೇಬಲ್ ಬದಲಿಸಿ. ಉದ್ದದ ಎಕ್ಸ್‌ಟೆನ್ಶನ್ ಕೇಬಲ್, ಅಗ್ಗದ ಯುಎಸ್‌ಬಿ ಹಬ್ ತೆಗೆದುಬಿಡಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನ ಪೋರ್ಟ್‌ಗೆ ಚುಚ್ಚಿ. ನಮ್ಮ ಕಡೆ ಬೇಸಿಗೆಯ ಧೂಳಿಗೆ ಪೋರ್ಟ್‌ಗಳು ಬೇಗ ಸಡಿಲವಾಗುತ್ತವೆ. ಕೇಬಲ್ ತುಸು ಅಲ್ಲಾಡಿದರೂ ಸಂಪರ್ಕ ಹೋಗಿ ಬರುತ್ತದೆ. ಹಾಗೆ ಆಗುತ್ತಿದೆಯೇ ಅಂತ ನೋಡಲು:

ಸುಡೋ ಡಿಮೆಸ್ಗ್ -ಡಬ್ಲ್ಯು

ಸುಡೋ ಅಂದರೆ ಕಮಾಂಡ್ ಅನ್ನು ರೂಟ್, ಅಂದರೆ ಕಂಪ್ಯೂಟರ್‌ನ ಪೂರ್ಣ ಅಧಿಕಾರದಲ್ಲಿ ಓಡಿಸುವುದು. ಡಿಮೆಸ್ಗ್‌ನ ಸ್ಪೆಲ್ಲಿಂಗ್ ಡಿ-ಎಂ-ಇ-ಎಸ್-ಜಿ. ಇದನ್ನು ತೆರೆದಿಟ್ಟು ಕೇಬಲ್ ತೆಗೆದು ಹಾಕಿ. ಟರ್ಮಿನಲ್‌ನಲ್ಲಿ ಹೊಸ ಸಾಲು ಬರಬೇಕು. ಸುಮ್ನೆ ಕೂತಿದ್ದಾಗಲೂ ‘ಡಿಸ್‌ಕನೆಕ್ಟ್’ ಸಾಲುಗಳು ಬರುತ್ತಿದ್ದರೆ ದೋಷ ಕೇಬಲ್, ಪೋರ್ಟ್ ಅಥವಾ ಪವರ್‌ನದು. ಲಿನಕ್ಸ್‌ದಲ್ಲ.

ಎರಡನೇ ಹಂತ: ಸೇನ್‌ಗೆ ಕಾಣುತ್ತಿದೆಯಾ?

ಬೇಕಾದ ಸಾಮಾನು ಒಟ್ಟಿಗೆ ಹಾಕಿಕೊಳ್ಳಿ:

ಸುಡೋ ಆಪ್ಟ್ ಇನ್‌ಸ್ಟಾಲ್ ಸೇನ್-ಯುಟಿಲ್ಸ್ ಸೇನ್-ಏರ್‌ಸ್ಕ್ಯಾನ್ ಐಪಿಪಿ-ಯುಎಸ್‌ಬಿ ಸಿಂಪಲ್-ಸ್ಕ್ಯಾನ್ ಅವಾಹಿ-ಯುಟಿಲ್ಸ್

ನಂತರ ಎರಡು ಕಮಾಂಡ್, ಇದೇ ಕ್ರಮದಲ್ಲಿ:

ಸೇನ್-ಫೈಂಡ್-ಸ್ಕ್ಯಾನರ್

ಸ್ಕ್ಯಾನ್‌ಇಮೇಜ್ -ಎಲ್

ಎರಡನೆಯದರಲ್ಲಿ ಎಲ್ ದೊಡ್ಡಕ್ಷರ, ಮುಂದೆ ಈ ಕಮಾಂಡ್ ಬಂದಲ್ಲೆಲ್ಲ ಹೀಗೇ. ಈ ಎರಡರ ಕೆಲಸ ಬೇರೆ ಬೇರೆ. ಮೊದಲನೆಯದು ಸ್ಕ್ಯಾನರ್ ಇರಬಹುದಾದ ಯುಎಸ್‌ಬಿ ಸಾಧನ ಇದೆಯಾ ಅಂತ ಮಾತ್ರ ನೋಡುತ್ತದೆ. ಅದನ್ನು ನಡೆಸುವ ಬ್ಯಾಕೆಂಡ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಎರಡನೆಯದು ನಿಜವಾಗಿ ಬ್ಯಾಕೆಂಡ್ ಮೂಲಕ ಯಂತ್ರವನ್ನು ಕರೆದು ಕೇಳುತ್ತದೆ.

ಮೊದಲನೆಯದಕ್ಕೆ ಕಂಡು ಎರಡನೆಯದಕ್ಕೆ ಕಾಣದಿದ್ದರೆ ಕಾರಣ ಮೂರರಲ್ಲಿ ಒಂದು: ಅನುಮತಿ ಇಲ್ಲ, ಸರಿಯಾದ ಬ್ಯಾಕೆಂಡ್ ಇಲ್ಲ, ಅಥವಾ ಬೇರೊಂದು ಪ್ರೋಗ್ರಾಂ ಯಂತ್ರವನ್ನು ಹಿಡಿದುಕೊಂಡಿದೆ. ಮೊದಲನೆಯದಕ್ಕೇ ಕಾಣದಿದ್ದರೆ ಅಷ್ಟಕ್ಕೇ ಕೈಚೆಲ್ಲಬೇಡಿ. ಐಪಿಪಿ-ಯುಎಸ್‌ಬಿ ಹಿಡಿದುಕೊಂಡ ಯಂತ್ರಗಳ ವಿಚಾರ ಬೇರೆ, ಮುಂದೆ ಹೇಳುತ್ತೇನೆ.

ಎರಡನೆಯದಕ್ಕೆ ಕಂಡರೆ ಸಂತೋಷ. ಒಂದು ಹಾಳೆ ಇಟ್ಟು ಪರೀಕ್ಷೆ ಮಾಡಿ:

ಸ್ಕ್ಯಾನ್‌ಇಮೇಜ್ --ಫಾರ್ಮ್ಯಾಟ್=ಪಿಎನ್‌ಜಿ --ರೆಸಲ್ಯೂಶನ್ 300 > ಟೆಸ್ಟ್.ಪಿಎನ್‌ಜಿ

ಚಿತ್ರ ಬಂದರೆ ಸೇನ್ ಸರಿ ಇದೆ. ಉಳಿದ ಗೊಂದಲ ಏನಿದ್ದರೂ ಸಿಂಪಲ್ ಸ್ಕ್ಯಾನ್‌ನಂಥ ಫ್ರಂಟೆಂಡ್‌ನದು.

ಪಟ್ಟಿಯಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ಕ್ಯಾಮೆರಾ ಕಂಡರೆ ಗಾಬರಿ ಬೇಡ. ವಿ4ಎಲ್ ಎಂಬ ಬ್ಯಾಕೆಂಡ್ ವೆಬ್‌ಕ್ಯಾಮ್ ಅನ್ನೂ ಸ್ಕ್ಯಾನರ್ ಅಂತ ತೋರಿಸುತ್ತದೆ. ಕೆಲವು ಪ್ರೋಗ್ರಾಂಗಳು ಅದನ್ನೇ ಮೊದಲು ಆರಿಸಿಕೊಂಡು ಕಪ್ಪು ಚಿತ್ರ ಕೊಡುತ್ತವೆ. /ಈಟಿಸಿ/ಸೇನ್.ಡಿ/ಡಿಎಲ್‌ಎಲ್.ಕಾನ್ಫ್ ಕಡತ ತೆರೆದು ವಿ4ಎಲ್ ಇರುವ ಸಾಲಿನ ಮುಂದೆ, ಅಂದರೆ ಸಾಲು ಶುರುವಾಗುವಲ್ಲಿ, # ಹಾಕಿದರೆ ಆಯಿತು, ಸೇನ್ ಆ ಸಾಲನ್ನು ಬಿಟ್ಟುಬಿಡುತ್ತದೆ.

ಅನುಮತಿಯ ತೊಡಕು

ಇದನ್ನು ಪತ್ತೆ ಮಾಡುವುದು ಬಹಳ ಸುಲಭ:

ಸುಡೋ ಸ್ಕ್ಯಾನ್‌ಇಮೇಜ್ -ಎಲ್

ಸುಡೋ ಹಾಕಿದಾಗ ಕಾಣುತ್ತದೆ, ಹಾಕದಿದ್ದರೆ ಕಾಣುವುದಿಲ್ಲ ಅಂದರೆ ದೋಷ ಅನುಮತಿಯದೇ. ಆದರೆ ಇಲ್ಲೊಂದು ಕೆಟ್ಟ ಅಭ್ಯಾಸ ಶುರುವಾಗುತ್ತದೆ. ಸುಡೋ ಹಾಕಿದರೆ ನಡೆಯುತ್ತಲ್ಲ ಅಂತ ದಿನವೂ ಹಾಗೇ ಸ್ಕ್ಯಾನ್ ಮಾಡುವವರಿದ್ದಾರೆ. ಉಳಿಸಿದ ಕಡತಗಳೆಲ್ಲ ರೂಟ್ ಹೆಸರಿಗೆ ಹೋಗುತ್ತವೆ. ಆಮೇಲೆ ತಿದ್ದಲು ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಹತ್ತಾರು ಜನ ಬಂದು ಹೋಗುವ ಅಂಗಡಿಯ ಕಂಪ್ಯೂಟರ್‌ನಲ್ಲಿ ರೂಟ್ ಅಧಿಕಾರ ತೆರೆದಿಡುವುದು ಅಪಾಯ.

ಸರಿಯಾದ ದಾರಿ ಇದು:

ಸುಡೋ ಯೂಸರ್‌ಮಾಡ್ -ಎಜಿ ಸ್ಕ್ಯಾನರ್,ಎಲ್‌ಪಿ ನಿಮ್ಮ-ಬಳಕೆದಾರ-ಹೆಸರು

ಇದರಲ್ಲಿ ಎ ಸಣ್ಣಕ್ಷರ, ಜಿ ದೊಡ್ಡಕ್ಷರ, ಮುಂದೆ ಈ ಕಮಾಂಡ್ ಬಂದಾಗಲೂ ಹೀಗೇ. ಎ ಬಿಟ್ಟುಹೋದರೆ ನೀವು ಇದ್ದ ಉಳಿದ ಗುಂಪುಗಳಿಂದೆಲ್ಲ ಹೊರಬೀಳುತ್ತೀರಿ, ಸುಡೋ ಗುಂಪಿನಿಂದಲೂ. ಅದಕ್ಕೇ ಎಂಟರ್ ಒತ್ತುವ ಮೊದಲು ಇನ್ನೊಮ್ಮೆ ಓದಿ. ಎರಡು ಗುಂಪು ಯಾಕೆ ಅಂತ ಕೇಳಬಹುದು. ಆಲ್-ಇನ್-ಒನ್‌ನಲ್ಲಿ ಪ್ರಿಂಟರ್ ಭಾಗವೂ ಇರುವುದರಿಂದ ಆ ಯುಎಸ್‌ಬಿ ಸಾಧನ ಸಾಮಾನ್ಯವಾಗಿ ಎಲ್‌ಪಿ ಗುಂಪಿಗೆ ಸೇರುತ್ತದೆ. ಸ್ಕ್ಯಾನರ್ ಗುಂಪು ಒಂದೇ ಹಾಕಿದರೆ ಕೆಲವೊಮ್ಮೆ ಸಾಲದು. ಹಾಕಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಿ. ಇದನ್ನು ಮರೆತು ‘ಏನೂ ಆಗಲಿಲ್ಲ’ ಅನ್ನುವವರು ಜಾಸ್ತಿ. ಗುಂಪು ಸೇರಿದೆಯೇ ಅಂತ ‘ಗ್ರೂಪ್ಸ್’ ಎಂಬ ಕಮಾಂಡ್ ತೋರಿಸುತ್ತದೆ.

ಆಮೇಲೂ ಆಗದಿದ್ದರೆ ಸಾಧನಗಳಿಗೆ ಅನುಮತಿ ಹಂಚುವ ಯುಡೆವ್ ನಿಯಮಗಳನ್ನು ಮತ್ತೆ ಓದಿಸಿ:

ಸುಡೋ ಯುಡೆವ್‌ಎಡಿಎಂ ಕಂಟ್ರೋಲ್ --ರೀಲೋಡ್

ಸುಡೋ ಯುಡೆವ್‌ಎಡಿಎಂ ಟ್ರಿಗರ್

ನಂತರ ಪ್ರಿಂಟರ್ ಕೇಬಲ್ ತೆಗೆದು ಮತ್ತೆ ಹಾಕಿ.

ಯಂತ್ರವನ್ನು ಯಾರೋ ಹಿಡಿದುಕೊಂಡಿದ್ದಾರೆ

‘ಡಿವೈಸ್ ಬ್ಯುಸಿ’ ಅಥವಾ ‘ಎರರ್ ಡ್ಯೂರಿಂಗ್ ಡಿವೈಸ್ ಐ/ಒ’ ಅಂತ ಬಂದರೆ ಇಲ್ಲಿ ನೋಡಿ. ಮೊದಲು ಪ್ರಿಂಟ್ ಸಾಲಿನಲ್ಲಿ ಸಿಕ್ಕಿಬಿದ್ದ ಕೆಲಸ ಇದೆಯಾ ಅಂತ ಪರೀಕ್ಷಿಸಿ. ‘ಕ್ಯಾನ್ಸಲ್ -ಎ’ ಬರೆದರೆ ಕಾಯುತ್ತಿರುವ ಪ್ರಿಂಟ್‌ಗಳೆಲ್ಲ ರದ್ದಾಗುತ್ತವೆ. ಗಿರಾಕಿಯ ಪ್ರಿಂಟ್ ಬಾಕಿ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಒತ್ತಿ.

ಇನ್ನೊಂದು ಕಾರಣ ಹೊಸದು, ಬಹಳ ಜನರಿಗೆ ತಿಳಿಯದ್ದು. ಅದು ಐಪಿಪಿ-ಯುಎಸ್‌ಬಿ. ಇದು ಹಿನ್ನೆಲೆಯಲ್ಲಿ ಓಡುವ ಸೇವೆ. ಯುಎಸ್‌ಬಿಯಲ್ಲಿರುವ ಹೊಸ ಪ್ರಿಂಟರ್ ಅನ್ನು ನೆಟ್‌ವರ್ಕ್ ಪ್ರಿಂಟರ್‌ನಂತೆ ಕಾಣುವ ಹಾಗೆ ಮಾಡುತ್ತದೆ. ಆಗ ಏರ್‌ಸ್ಕ್ಯಾನ್ ಅದರ ಜೊತೆ ಸಲೀಸಾಗಿ ಮಾತಾಡುತ್ತದೆ. ಆದರೆ ಐಪಿಪಿ-ಯುಎಸ್‌ಬಿ ಒಮ್ಮೆ ಯಂತ್ರವನ್ನು ಹಿಡಿದರೆ ಹಳೆಯ ಬ್ಯಾಕೆಂಡ್‌ಗಳಿಗೆ, ಕಂಪನಿಯ ಡ್ರೈವರ್‌ಗಳಿಗೆ ಯುಎಸ್‌ಬಿ ಮೂಲಕ ಅದು ಸಿಗುವುದಿಲ್ಲ. ಎರಡೂ ಹಾಕಿಕೊಂಡವರ ಕಂಪ್ಯೂಟರ್‌ನಲ್ಲಿ ಜಗಳ ಶುರುವಾಗುವುದು ಇಲ್ಲಿಯೇ.

ನಿಮ್ಮ ಯಂತ್ರ ಇದಕ್ಕೆ ಹೊಂದುತ್ತದೆಯೇ ಅಂತ ಕೇಳಿ:

ಸುಡೋ ಐಪಿಪಿ-ಯುಎಸ್‌ಬಿ ಚೆಕ್

ಪಟ್ಟಿಯಲ್ಲಿ ಹೆಸರು ಬಂದರೆ ಹೊಂದುತ್ತದೆ. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:60000 ಅಂತ ಬರೆದು ನೋಡಿ, ಪ್ರಿಂಟರ್‌ನ ಸ್ವಂತ ಪುಟ ತೆರೆದುಕೊಳ್ಳಬೇಕು. ಹೀಗಿದ್ದರೆ ಏರ್‌ಸ್ಕ್ಯಾನ್ ದಾರಿಯಲ್ಲೇ ಇರಿ, ಕಂಪನಿಯ ಡ್ರೈವರ್ ಹಾಕಬೇಡಿ. ಸ್ಕ್ಯಾನರ್ ಇನ್ನೂ ಕಾಣದಿದ್ದರೆ ಅವಾಹಿ ಸೇವೆ ನಿಂತಿರಬಹುದು. ಏರ್‌ಸ್ಕ್ಯಾನ್ ಯಂತ್ರವನ್ನು ಹುಡುಕುವುದು ಅದರ ನೆರವಿನಿಂದ. ಡೀಮನ್ ಸ್ಪೆಲ್ಲಿಂಗ್ ಡಿ-ಎ-ಇ-ಎಂ-ಒ-ಎನ್:

ಸುಡೋ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಅವಾಹಿ-ಡೀಮನ್ ಐಪಿಪಿ-ಯುಎಸ್‌ಬಿ

ಕೆಲವು ಯಂತ್ರಗಳು ಐಪಿಪಿ-ಯುಎಸ್‌ಬಿಗೆ ಹೊಂದುತ್ತೇವೆ ಅಂತ ಹೇಳಿಕೊಂಡರೂ ಸ್ಕ್ಯಾನ್ ಅರ್ಧಕ್ಕೆ ನಿಲ್ಲಿಸುತ್ತವೆ. ಅಂಥದ್ದಕ್ಕೆ ಮಾತ್ರ ಸೇವೆಯನ್ನು ನಿಲ್ಲಿಸಿ ಹಳೆಯ ದಾರಿ ಹಿಡಿಯಿರಿ:

ಸುಡೋ ಸಿಸ್ಟಮ್‌ಸಿಟಿಎಲ್ ಮಾಸ್ಕ್ --ನೌ ಐಪಿಪಿ-ಯುಎಸ್‌ಬಿ

ಮಾಸ್ಕ್ ಅಂದರೆ ಮತ್ತೆ ತಾನಾಗಿ ಏಳದ ಹಾಗೆ ಮಾಡುವುದು. ಬೇಕಾದಾಗ ಅನ್‌ಮಾಸ್ಕ್ ಮಾಡಬಹುದು. ಪ್ರಿಂಟ್ ಕೂಡ ಅದೇ ಸೇವೆಯ ಮೂಲಕ ಹೋಗುತ್ತಿದ್ದರೆ, ಇದಾದ ಮೇಲೆ ಪ್ರಿಂಟರ್ ಅನ್ನು ಹೊಸದಾಗಿ ಸೇರಿಸಬೇಕಾಗುತ್ತದೆ. ಗಿರಾಕಿಗಳು ನಿಂತಿರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ.

ಕಂಪನಿಗೆ ತಕ್ಕ ಹಾಗೆ

ಎಚ್‌ಪಿ: ಎಚ್‌ಪಿಎಲ್‌ಐಪಿ ಎಂಬ ಪ್ಯಾಕೇಜ್ ಪ್ರಿಂಟ್, ಸ್ಕ್ಯಾನ್ ಎರಡನ್ನೂ ನೋಡುತ್ತದೆ. ಆದರೆ ಡೆಬಿಯನ್, ಉಬುಂಟುನಲ್ಲಿ ಸ್ಕ್ಯಾನ್ ಬ್ಯಾಕೆಂಡ್ ಬೇರೆ ಪ್ಯಾಕೇಜ್, ಲಿಬ್‌ಸೇನ್-ಎಚ್‌ಪಿಎಐಒ. ಅದು ಇಲ್ಲದೆ ಪ್ರಿಂಟ್ ಮಾತ್ರ ನಡೆಯುತ್ತದೆ. ಅಂಗಡಿಗಳಲ್ಲಿರುವ ಕೆಲವು ಹಳೆಯ ಲೇಸರ್‌ಜೆಟ್ ಮಾಡೆಲ್‌ಗಳಿಗೆ ಇದರ ಮೇಲೆ ಎಚ್‌ಪಿಯ ಪ್ಲಗಿನ್ ಕೂಡ ಬೇಕು:

ಎಚ್‌ಪಿ-ಪ್ಲಗಿನ್ -ಐ

ಇದಕ್ಕೆ ಇಂಟರ್‌ನೆಟ್ ಬೇಕು. ನೆನಪಿಡಬೇಕಾದ ವಿಷಯ ಇನ್ನೊಂದಿದೆ. ಪ್ಲಗಿನ್‌ನ ಆವೃತ್ತಿ ಎಚ್‌ಪಿಎಲ್‌ಐಪಿಯ ಆವೃತ್ತಿಗೆ ಸರಿಯಾಗಿ ಹೊಂದಬೇಕು. ಸಿಸ್ಟಮ್ ಅಪ್‌ಡೇಟ್‌ನಲ್ಲಿ ಎಚ್‌ಪಿಎಲ್‌ಐಪಿ ಮೇಲೇರಿದರೆ ಹಳೆಯ ಪ್ಲಗಿನ್ ಕೆಲಸಕ್ಕೆ ಬರುವುದಿಲ್ಲ. ‘ನಿನ್ನೆ ತನಕ ಬರುತ್ತಿತ್ತು, ಇವತ್ತು ಇಲ್ಲ’ ಅಂತ ಎಚ್‌ಪಿ ಯಂತ್ರ ಇರುವವರು ಹೇಳಿದರೆ ಮೊದಲು ಇದನ್ನೇ ನೋಡಿ. ಮೇಲಿನ ಕಮಾಂಡ್ ಮತ್ತೆ ಓಡಿಸಿದರೆ ಮುಗಿಯಿತು. ಏನೇನು ಕೊರತೆ ಇದೆ ಅಂತ ‘ಎಚ್‌ಪಿ-ಚೆಕ್’ ಉದ್ದದ ವರದಿ ಕೊಡುತ್ತದೆ.

ಕ್ಯಾನನ್: ಪಿಕ್ಸ್ಮಾ ಬ್ಯಾಕೆಂಡ್ ಸೇನ್ ಜೊತೆಗೇ ಬರುತ್ತದೆ. ಹೆಸರು ಪಿಕ್ಸ್ಮಾ ಆದರೂ ಇಮೇಜ್‌ಕ್ಲಾಸ್ ಸಾಲಿನ ಹಲವು ಯಂತ್ರಗಳನ್ನೂ ಅದು ನಡೆಸುತ್ತದೆ. ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಎಂಎಫ್3010 ಅದರಲ್ಲಿ ಒಂದು. ಹೀಗಾಗಿ ಕ್ಯಾನನ್‌ನಲ್ಲಿ ಪ್ರಿಂಟ್‌ಗೆ ಡ್ರೈವರ್ ಹುಡುಕಿ ಸುಸ್ತಾದವರಿಗೂ ಸ್ಕ್ಯಾನ್ ಕೆಲವೊಮ್ಮೆ ತಾನಾಗಿಯೇ ಬರುತ್ತದೆ. ವೈಫೈ ಮೇಲೆ ಕಾಣದಿದ್ದರೆ /ಈಟಿಸಿ/ಸೇನ್.ಡಿ/ಪಿಕ್ಸ್ಮಾ.ಕಾನ್ಫ್ ಕಡತದಲ್ಲಿ ಬಿಜೆಎನ್‌ಪಿ:// ಬರೆದು ಅದರ ನಂತರ, ಜಾಗ ಬಿಡದೆ, ಪ್ರಿಂಟರ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಸೇರಿಸಿ.

ಎಪ್ಸನ್: ಇಂಕ್ ಟ್ಯಾಂಕ್ ಯಂತ್ರಗಳು ನಮ್ಮಲ್ಲಿ ಬಹಳ. ಮೊದಲು ಏರ್‌ಸ್ಕ್ಯಾನ್ ಮತ್ತು ಸೇನ್‌ನ ಸ್ವಂತ ಬ್ಯಾಕೆಂಡ್ ಸಾಕಾಗುತ್ತದೆಯೇ ನೋಡಿ. ಸಾಲದಿದ್ದರೆ ಎಪ್ಸನ್ ಕಂಪನಿಯ ಎಪ್ಸನ್ ಸ್ಕ್ಯಾನ್ 2 ಹಾಕಿ. ಅದರ ಕಟ್ಟಿನಲ್ಲಿ ಎರಡು ಪ್ಯಾಕೇಜ್ ಇರುತ್ತವೆ. ವೈಫೈ ಮೂಲಕ ಸ್ಕ್ಯಾನ್ ಮಾಡಬೇಕೆಂದರೆ ನಾನ್-ಫ್ರೀ-ಪ್ಲಗಿನ್ ಅಂತ ಹೆಸರಿರುವ ಎರಡನೆಯದೂ ಬೇಕು. ಒಂದನ್ನೇ ಹಾಕಿ ಬಿಡಬೇಡಿ.

ಬ್ರದರ್: ಮಾಡೆಲ್‌ಗೆ ತಕ್ಕಂತೆ ಬಿಆರ್‌ಸ್ಕ್ಯಾನ್4 ಅಥವಾ ಬಿಆರ್‌ಸ್ಕ್ಯಾನ್5. ಯಾವುದು ಅಂತ ಬ್ರದರ್ ತಾಣದಲ್ಲಿ ನಿಮ್ಮ ಮಾಡೆಲ್‌ನ ಪುಟ ಹೇಳುತ್ತದೆ. ಪ್ರಿಂಟ್ ಡ್ರೈವರ್ ಮತ್ತು ಸ್ಕ್ಯಾನ್ ಡ್ರೈವರ್ ಬೇರೆ ಬೇರೆ ಕಡತ, ಎರಡೂ ಇಳಿಸಿಕೊಳ್ಳಿ. ನೆಟ್‌ವರ್ಕ್ ಯಂತ್ರವಾದರೆ ಅದನ್ನು ಕೈಯಾರೆ ಪರಿಚಯ ಮಾಡಿಸಬೇಕು:

ಬಿಆರ್‌ಸೇನ್‌ಕಾನ್ಫಿಗ್4 -ಎ ನೇಮ್=ಅಂಗಡಿ ಮಾಡೆಲ್=ನಿಮ್ಮ-ಮಾಡೆಲ್ ಐಪಿ=192.168.1.20

ಅಂಗಡಿ ಅನ್ನುವ ಕಡೆ ನಿಮಗೆ ಇಷ್ಟವಾದ ಹೆಸರು, ಐಪಿ ಜಾಗದಲ್ಲಿ ನಿಮ್ಮ ಪ್ರಿಂಟರ್‌ನ ವಿಳಾಸ. ರಾಸ್ಪ್‌ಬೆರಿ ಪೈ ಮೇಲೆ ಬಿಆರ್‌ಸ್ಕ್ಯಾನ್4 ಓಡುವುದಿಲ್ಲ. ಅದು ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್‌ಗೆ ಮಾಡಿದ್ದು. ಶಾಲೆಯ ಲ್ಯಾಬ್‌ಗೆ ಪೈ ಕೊಳ್ಳುವ ಯೋಚನೆ ಇದ್ದರೆ ಏರ್‌ಸ್ಕ್ಯಾನ್‌ಗೆ ಹೊಂದುವ ಪ್ರಿಂಟರ್ ಆರಿಸಿ.

ಕಂಪನಿಯ ಡ್ರೈವರ್ ಹಾಕಿದ ಮೇಲೂ ಕಾಣದಿದ್ದರೆ ಸೇನ್ ಅದನ್ನು ತೆರೆಯಲು ನೋಡುತ್ತಿದೆಯೇ ಅಂತ ಪರೀಕ್ಷಿಸಿ:

ಸೇನ್_ಡೀಬಗ್_ಡಿಎಲ್‌ಎಲ್=5 ಸ್ಕ್ಯಾನ್‌ಇಮೇಜ್ -ಎಲ್

ಸಮ ಗುರುತಿನ ಹಿಂದಿನ ಭಾಗ ಪೂರ್ತಿ ದೊಡ್ಡಕ್ಷರ. ಪ್ರತಿ ಬ್ಯಾಕೆಂಡ್ ಹೆಸರೂ ಸಾಲಾಗಿ ಬರುತ್ತದೆ. ನಿಮ್ಮದು ಪಟ್ಟಿಯಲ್ಲೇ ಇಲ್ಲದಿದ್ದರೆ ಡಿಎಲ್‌ಎಲ್.ಕಾನ್ಫ್ ಕಡತದಲ್ಲಿ ಅದರ ಹೆಸರು ಸೇರಿಸಿ. ಹೆಸರಿದ್ದೂ ಕಡತ ಸಿಗಲಿಲ್ಲ ಅಂತ ಬಂದರೆ ಡ್ರೈವರ್ ಬೇರೆ ಫೋಲ್ಡರ್‌ನಲ್ಲಿ ಕೂತಿದೆ. ಹಳೆಯ ಡ್ರೈವರ್‌ಗಳು /ಯುಎಸ್‌ಆರ್/ಲಿಬ್64/ಸೇನ್ ಒಳಗೆ ಹೋಗುತ್ತವೆ. ಉಬುಂಟು, ಡೆಬಿಯನ್ ಹುಡುಕುವುದು /ಯುಎಸ್‌ಆರ್/ಲಿಬ್/ಎಕ್ಸ್86_64-ಲಿನಕ್ಸ್-ಜಿಎನ್‌ಯು/ಸೇನ್ ಒಳಗೆ. ಎಲ್‌ಎನ್ -ಎಸ್ ಕಮಾಂಡ್‌ನಿಂದ ಅಲ್ಲಿಗೆ ಕೊಂಡಿ ಹಾಕಿದರೆ ಸರಿಹೋಗುತ್ತದೆ.

ವೈಫೈ ಮೇಲೆ ಕಾಣದ ಸ್ಕ್ಯಾನರ್

ಮೊದಲು ಕಂಪ್ಯೂಟರ್ ಮತ್ತು ಪ್ರಿಂಟರ್ ಒಂದೇ ನೆಟ್‌ವರ್ಕ್‌ನಲ್ಲಿವೆಯೇ ನೋಡಿ. ಒಂದೇ ರೂಟರ್ ಆದರೂ ಗೆಸ್ಟ್ ವೈಫೈ ಬೇರೆ. ಗಿರಾಕಿಗಳಿಗೆ ಅಂತ ಕೊಟ್ಟ ವೈಫೈಗೆ ಪ್ರಿಂಟರ್ ಸೇರಿಕೊಂಡಿದ್ದರೆ ಅದು ಕಾಣುವುದೇ ಇಲ್ಲ. ರೂಟರ್‌ನಲ್ಲಿ ಎಪಿ ಐಸೊಲೇಶನ್ (ವೈಫೈನಲ್ಲಿರುವ ಸಾಧನಗಳು ಒಂದಕ್ಕೊಂದು ಕಾಣದಂತೆ ಮಾಡುವ ಸೆಟ್ಟಿಂಗ್) ಆನ್ ಇದ್ದರೂ ಇದೇ ಗತಿ. ಬಹಳಷ್ಟು ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ ಅನ್ನುವುದೂ ನೆನಪಿರಲಿ. ಇಷ್ಟು ಸರಿ ಇದ್ದರೆ:

ಏರ್‌ಸ್ಕ್ಯಾನ್-ಡಿಸ್ಕವರ್

ಯಂತ್ರ ಸಿಕ್ಕರೆ ಅದರ ಹೆಸರು, ವಿಳಾಸ ಬರುತ್ತದೆ. ಆ ಸಾಲುಗಳನ್ನು ಹಾಗೇ ಎತ್ತಿ /ಈಟಿಸಿ/ಸೇನ್.ಡಿ/ಏರ್‌ಸ್ಕ್ಯಾನ್.ಕಾನ್ಫ್ ಕಡತದ ಡಿವೈಸಸ್ ವಿಭಾಗದಲ್ಲಿ ಇಟ್ಟರೆ ಮುಂದೆ ಹುಡುಕುವ ಅಗತ್ಯ ಬೀಳುವುದಿಲ್ಲ. ಏನೂ ಸಿಗದಿದ್ದರೆ ಫೈರ್‌ವಾಲ್ ನೋಡಿ. ಹುಡುಕಾಟಕ್ಕೆ ಯುಡಿಪಿ 5353 ತೆರೆದಿರಬೇಕು, ಡಬ್ಲ್ಯುಎಸ್‌ಡಿ ಯಂತ್ರಗಳಿಗೆ ಯುಡಿಪಿ 3702:

ಸುಡೋ ಯುಎಫ್‌ಡಬ್ಲ್ಯು ಅಲೋ 5353/ಯುಡಿಪಿ

ಇನ್ನು ಕರೆಂಟ್ ವಿಚಾರ. ನಮ್ಮ ಕಡೆ ಮಧ್ಯಾಹ್ನ ಕರೆಂಟ್ ಹೋಗಿ ಬಂದ ಮೇಲೆ ಸ್ಕ್ಯಾನರ್ ಮಾಯ ಆಗುವುದು ಸಾಮಾನ್ಯ. ಇದಕ್ಕೆ ಸರಳ ಕಾರಣ ಇದೆ. ರೂಟರ್ ಮತ್ತೆ ಎದ್ದಾಗ ಪ್ರಿಂಟರ್‌ಗೆ ಹೊಸ ಐಪಿ ವಿಳಾಸ ಕೊಟ್ಟಿರುತ್ತದೆ. ನೀವು ಕಡತದಲ್ಲಿ ಬರೆದಿಟ್ಟದ್ದು ಹಳೆಯದು. ರೂಟರ್ ಸೆಟ್ಟಿಂಗ್‌ನಲ್ಲಿ ಪ್ರಿಂಟರ್‌ಗೆ ಒಂದು ಐಪಿಯನ್ನು ಕಾಯಂ ಮಾಡಿಬಿಡಿ. ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತದೆ.

ಯುಎಸ್‌ಬಿಯಲ್ಲೂ ಇಂಥದ್ದೇ ಆಗುತ್ತದೆ. ಕೆಲವು ಬ್ಯಾಕೆಂಡ್‌ಗಳು ಯಂತ್ರವನ್ನು ಲಿಬ್‌ಯುಎಸ್‌ಬಿ:001:004 ಅನ್ನುವಂಥ ಸಂಖ್ಯೆಯಿಂದ ಗುರುತಿಸುತ್ತವೆ. ಪ್ರಿಂಟರ್ ಆರಿ ಎದ್ದರೆ ಕೊನೆಯ ಸಂಖ್ಯೆ ಬದಲಾಗುತ್ತದೆ. ತೆರೆದೇ ಇದ್ದ ಸ್ಕ್ಯಾನ್ ಪ್ರೋಗ್ರಾಂ ಹಳೆಯ ಸಂಖ್ಯೆಯನ್ನೇ ಹುಡುಕುತ್ತಿರುತ್ತದೆ. ಅದನ್ನು ಮುಚ್ಚಿ ಮತ್ತೆ ತೆರೆದರೆ ಸಾಕು, ಕಂಪ್ಯೂಟರ್ ರೀಸ್ಟಾರ್ಟ್ ಬೇಡ. ಹಾಗಂತ ಲೇಸರ್ ಪ್ರಿಂಟರ್ ಅನ್ನು ಕಂಪ್ಯೂಟರ್‌ನ ಸಣ್ಣ ಯುಪಿಎಸ್‌ಗೆ ಜೋಡಿಸಬೇಡಿ. ಹಾಳೆಗೆ ಮಸಿಯನ್ನು ಬಿಸಿಯಿಂದ ಅಂಟಿಸುವ ಅದರ ಫ್ಯೂಸರ್ ಬಿಸಿಯಾಗುವಾಗ ಎಳೆಯುವ ಕರೆಂಟ್ ಅನ್ನು ಆ ಯುಪಿಎಸ್ ತಾಳುವುದಿಲ್ಲ.

ಒಂದು ಸ್ಕ್ಯಾನರ್, ಎರಡು ಕಂಪ್ಯೂಟರ್

ಯುಎಸ್‌ಬಿ ಮಾತ್ರ ಇರುವ ಯಂತ್ರವನ್ನೂ ಅಂಗಡಿಯ ಇನ್ನೊಂದು ಕಂಪ್ಯೂಟರ್‌ನಿಂದ ಬಳಸಬಹುದು. ಸೇನ್‌ಡಿ ಎಂಬ ಸೇವೆ ಇದಕ್ಕೇ ಇದೆ. ಪ್ರಿಂಟರ್ ಜೋಡಿಸಿದ ಕಂಪ್ಯೂಟರ್‌ನಲ್ಲಿ /ಈಟಿಸಿ/ಸೇನ್.ಡಿ/ಸೇನ್‌ಡಿ.ಕಾನ್ಫ್ ತೆರೆದು 192.168.1.0/24 ಎಂಬ ಸಾಲು ಸೇರಿಸಿ. ನಿಮ್ಮ ರೂಟರ್‌ನ ಸಂಖ್ಯೆ ಬೇರೆ ಇದ್ದರೆ ಅದನ್ನು ಬರೆಯಿರಿ. ಆಮೇಲೆ ಈ ಎರಡು:

ಸುಡೋ ಯೂಸರ್‌ಮಾಡ್ -ಎಜಿ ಸ್ಕ್ಯಾನರ್,ಎಲ್‌ಪಿ ಸೇನ್‌ಡಿ

ಸುಡೋ ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಸೇನ್‌ಡಿ.ಸಾಕೆಟ್

ಮೊದಲ ಸಾಲನ್ನು ಬಿಟ್ಟರೆ ನಿಮಗೆ ಕಾಣುವ ಸ್ಕ್ಯಾನರ್ ಆ ಸೇವೆಗೆ ಕಾಣುವುದಿಲ್ಲ. ಇನ್ನೊಂದು ಕಂಪ್ಯೂಟರ್‌ನ /ಈಟಿಸಿ/ಸೇನ್.ಡಿ/ನೆಟ್.ಕಾನ್ಫ್ ಕಡತದಲ್ಲಿ ಮೊದಲ ಕಂಪ್ಯೂಟರ್‌ನ ಐಪಿ ಬರೆಯಿರಿ. ಡಿಎಲ್‌ಎಲ್.ಕಾನ್ಫ್‌ನಲ್ಲಿ ನೆಟ್ ಎಂಬ ಸಾಲಿನ ಮುಂದೆ # ಇರಬಾರದು. ಫೈರ್‌ವಾಲ್ ಆನ್ ಇದ್ದರೆ ಟಿಸಿಪಿ 6566 ತೆರೆಯಿರಿ. ಸ್ಕ್ಯಾನರ್ ಪಟ್ಟಿಯಲ್ಲಿ ಕಂಡೂ ಸ್ಕ್ಯಾನ್ ಶುರುವಾಗದೆ ನಿಂತರೆ, ಚಿತ್ರ ಸಾಗಿಸುವ ಪೋರ್ಟ್ ಬೇರೆ ಅನ್ನುವುದು ಕಾರಣ. ಸೇನ್‌ಡಿ.ಕಾನ್ಫ್‌ನಲ್ಲಿ ಡೇಟಾ_ಪೋರ್ಟ್‌ರೇಂಜ್ = 10000 - 10100 ಅಂತ ಬರೆದು ಆ ಪೋರ್ಟ್‌ಗಳನ್ನೂ ತೆರೆಯಿರಿ.

ಸ್ಕ್ಯಾನ್ ಬಂದ ಮೇಲಿನ ಸಣ್ಣ ತೊಡಕುಗಳು

‘ಡಾಕ್ಯುಮೆಂಟ್ ಫೀಡರ್ ಔಟ್ ಆಫ್ ಡಾಕ್ಯುಮೆಂಟ್ಸ್’ ಅಂತ ಬಂದರೆ ಯಂತ್ರ ಕೆಟ್ಟಿಲ್ಲ. ಮೇಲಿನ ಫೀಡರ್‌ನಿಂದ ಹಾಳೆ ಎಳೆಯುವ ಸೆಟ್ಟಿಂಗ್ ಇದೆ, ನೀವು ಹಾಳೆಯನ್ನು ಗಾಜಿನ ಮೇಲೆ ಇಟ್ಟಿದ್ದೀರಿ. ಸೋರ್ಸ್ ಜಾಗದಲ್ಲಿ ಫ್ಲಾಟ್‌ಬೆಡ್ ಆರಿಸಿ.

ಒಂದೇ ಯಂತ್ರ ಎರಡು ಮೂರು ಸಲ ಪಟ್ಟಿಯಲ್ಲಿ ಬರಬಹುದು: ಏರ್‌ಸ್ಕ್ಯಾನ್ ಹೆಸರಲ್ಲಿ ಒಮ್ಮೆ, ಇಎಸ್‌ಸಿಎಲ್ ಹೆಸರಲ್ಲಿ ಒಮ್ಮೆ, ಕಂಪನಿಯ ಬ್ಯಾಕೆಂಡ್ ಹೆಸರಲ್ಲಿ ಇನ್ನೊಮ್ಮೆ. ಮೂರರಲ್ಲೂ ಒಂದೊಂದು ಹಾಳೆ ಪರೀಕ್ಷಿಸಿ, ಚೆನ್ನಾಗಿ ನಡೆಯುವುದನ್ನು ಉಳಿಸಿಕೊಂಡು ಉಳಿದವುಗಳ ಮುಂದೆ # ಹಾಕಿ. ಸ್ಕ್ಯಾನ್ ಪ್ರೋಗ್ರಾಂ ತೆರೆಯಲು ಬಹಳ ಹೊತ್ತು ಹಿಡಿಯುತ್ತಿದ್ದರೆ ಅದಕ್ಕೂ ಇದು ಮದ್ದು, ಏಕೆಂದರೆ ಹುಡುಕಬೇಕಾದ ಬ್ಯಾಕೆಂಡ್‌ಗಳು ಕಡಿಮೆಯಾಗುತ್ತವೆ.

ಕಡತದ ಗಾತ್ರದ ಬಗ್ಗೆ ಅಂಗಡಿಯವರು ಜಾಸ್ತಿ ಕೇಳುತ್ತಾರೆ. ಎ4 ಹಾಳೆಯನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿದರೆ ಚಿತ್ರ 2480 × 3508 ಪಿಕ್ಸೆಲ್ ಆಗುತ್ತದೆ. ಬಣ್ಣದಲ್ಲಿ ಅದು ಕುಗ್ಗಿಸುವ ಮೊದಲು ಸುಮಾರು 26 ಎಂಬಿ. ಗ್ರೇ ಆದರೆ ಅದರ ಮೂರನೇ ಒಂದು ಭಾಗ. 600 ಡಿಪಿಐ ಇಟ್ಟರೆ ನಾಲ್ಕು ಪಟ್ಟು. ಅರ್ಜಿಗೆ ಹಾಕುವ ಪ್ರಮಾಣಪತ್ರಕ್ಕೆ 600 ಡಿಪಿಐ ಬೇಡವೇ ಬೇಡ. 200 ಡಿಪಿಐ, ಗ್ರೇ, ಜೆಪೆಗ್ ಅಥವಾ ಪಿಡಿಎಫ್ ಸಾಕು. ಓದಲು ಸ್ಪಷ್ಟ ಇರುತ್ತದೆ, ಪೋರ್ಟಲ್‌ನ ಮಿತಿಯೊಳಗೆ ಕೂರಿಸುವುದೂ ಸುಲಭ.

ಹಳೆಯ ಕಾಗದ ಆದರೆ ವಿಚಾರ ಬೇರೆ. 1948ರ ತನಕ ನಮ್ಮ ಮೂರೂ ಜಿಲ್ಲೆಗಳು ನಿಜಾಮರ ಆಡಳಿತದಲ್ಲಿದ್ದವು, ಹಾಗಾಗಿ ಇಲ್ಲಿನ ಎಷ್ಟೋ ಮನೆಗಳಲ್ಲಿ ಉರ್ದುವಿನ ಜಮೀನು ಕಾಗದಗಳು ಇನ್ನೂ ಇವೆ. ಮಾಸಿದ ಮಸಿ, ಹಳದಿ ಹಾಳೆ. ಇವನ್ನು ಗ್ರೇನಲ್ಲಿ ಮಾಡಬೇಡಿ. ಬಣ್ಣದಲ್ಲೇ 600 ಡಿಪಿಐನಲ್ಲಿ ಪಿಎನ್‌ಜಿ ಮಾಡಿ ಮೂಲ ಪ್ರತಿಯಾಗಿ ಎತ್ತಿಡಿ. ಮಸಿಗೂ ಕಲೆಗೂ ಇರುವ ವ್ಯತ್ಯಾಸ ಬಣ್ಣದಲ್ಲಿ ಮಾತ್ರ ಉಳಿಯುತ್ತದೆ. ಮಡಿಕೆ ಬಿದ್ದ ಹಾಳೆಯನ್ನು ಫೀಡರ್‌ಗೆ ಹಾಕಲೇಬೇಡಿ, ಹರಿದರೆ ಮತ್ತೆ ಸಿಗುವುದಿಲ್ಲ.

ಅಚ್ಚಾದ ಕನ್ನಡ ಹಾಳೆಗಳಿಂದ ಪಠ್ಯವನ್ನೂ ತೆಗೆಯಬಹುದು, ಇದಕ್ಕೆ ಒಸಿಆರ್ ಅಂತಾರೆ. ಟೆಸರಾಕ್ಟ್-ಒಸಿಆರ್-ಕನ್ ಮತ್ತು ಒಸಿಆರ್‌ಮೈಪಿಡಿಎಫ್ ಎಂಬ ಪ್ಯಾಕೇಜ್‌ಗಳನ್ನು ಹಾಕಿಕೊಂಡು:

ಒಸಿಆರ್‌ಮೈಪಿಡಿಎಫ್ -ಎಲ್ ಕನ್+ಎಂಗ್ ಹಳೆಯದು.ಪಿಡಿಎಫ್ ಹೊಸದು.ಪಿಡಿಎಫ್

ಇಲ್ಲಿ ಎಲ್ ಸಣ್ಣಕ್ಷರ, ಕನ್ ಮತ್ತು ಎಂಗ್ ಮೂರು ಮೂರು ಅಕ್ಷರದ ಭಾಷಾ ಹೆಸರುಗಳು. ಹೊಸ ಪಿಡಿಎಫ್ ನೋಡಲು ಹಳೆಯದರಂತೆಯೇ ಇರುತ್ತದೆ, ಆದರೆ ಒಳಗಿನ ಪದಗಳನ್ನು ಹುಡುಕಬಹುದು, ನಕಲು ಮಾಡಬಹುದು. ಅಚ್ಚಾದ ಉರ್ದುವಿಗೆ ಯುಆರ್‌ಡಿ, ಮರಾಠಿಗೆ ಎಂಎಆರ್ ಕೂಡ ಸಿಗುತ್ತವೆ. ಕೈಬರಹಕ್ಕೆ ಇದನ್ನು ನಂಬಬೇಡಿ. ಒಸಿಆರ್‌ಗೆ ಕೊಡುವ ಹಾಳೆಗೆ ಮಾತ್ರ 300 ಡಿಪಿಐಗಿಂತ ಕಡಿಮೆ ಇಡಬೇಡಿ, ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡು ತಪ್ಪು ಓದುತ್ತವೆ.